ಎಷ್ಟು ಒತ್ತಿತು?

ಉತ್ತರ ಕೆರೊಲಿನಾದ ಷಾರ್ಲೆಟ್‌ನಿಂದ ಐ-85 ಹೆದ್ದಾರಿ ಹಿಡಿದು ಅಟ್ಲಾಂಟಾ ಕಡೆಗೆ ಹೊರಟರೆ ಗ್ಯಾಸ್ಟೋನಿಯಾದ ಹಳೆಯ ನೂಲಿನ ಗಿರಣಿಗಳು ಹಿಂದೆ ಬೀಳುತ್ತವೆ, ದಕ್ಷಿಣ ಕೆರೊಲಿನಾದ ಗಡಿ ಬರುತ್ತದೆ, ಒಂದೂವರೆ ಗಂಟೆಯ ಹೊತ್ತಿಗೆ ಸ್ಪಾರ್ಟನ್‌ಬರ್ಗ್ ಆಚೆಗಿನ ಬಿಎಂಡಬ್ಲ್ಯು ಕಾರ್ಖಾನೆ ಕಾಣಿಸುತ್ತದೆ. ಕಾರ್ಖಾನೆಗಳಲ್ಲಿ ರೋಬಾಟ್ ತೋಳುಗಳನ್ನು ತಂತಿಬೇಲಿಯೊಳಗೆ ಇಡುವುದು ವಾಡಿಕೆ. ಬೇಲಿಯ ಗೇಟು ತೆರೆದರೆ ಯಂತ್ರ ನಿಂತುಬಿಡಬೇಕು. 2013ರಲ್ಲಿ ಈ ಕಾರ್ಖಾನೆ ಒಂದು ಕಡೆ ಆ ಬೇಲಿಯನ್ನೇ ಕಿತ್ತುಹಾಕಿತು. ಕಾರಿನ ಬಾಗಿಲಿನ ಒಳಮೈಗೆ ನೀರು, ಸದ್ದು ನುಗ್ಗದಂತೆ ಒಂದು ಹಾಳೆ ಅಂಟಿಸಿ, ರೋಲರ್ ಉರುಳಿಸಿ ಒತ್ತುವ ಕೆಲಸ ಅದು. ದಿನವಿಡೀ ಒತ್ತುತ್ತಿದ್ದರೆ ಎಂಥವರ ಮಣಿಕಟ್ಟೂ ಸೋಲುತ್ತದೆ. ಒತ್ತುವ ಪಾಲು ರೋಬಾಟಿಗೆ ಹೋಯಿತು, ಉಳಿದದ್ದು ಮನುಷ್ಯರ ಕೈಯಲ್ಲೇ ಉಳಿಯಿತು. ಇಬ್ಬರೂ ಅಕ್ಕಪಕ್ಕ ನಿಂತು ಕೆಲಸ ಮಾಡತೊಡಗಿದರು.

ಪಕ್ಕದಲ್ಲಿ ನಿಂತವರಿಗೆ ತೋಳು ತಾಗಿದರೆ ಏನು ಗತಿ? ಇಂಥ ಸಹಚರ ರೋಬಾಟುಗಳು ಸಾಮಾನ್ಯವಾಗಿ ತಮ್ಮ ಮೋಟಾರು ಎಳೆಯುವ ಕರೆಂಟನ್ನೋ ಕೀಲುಗಳ ಮೇಲೆ ಬೀಳುವ ಭಾರವನ್ನೋ ಗಮನಿಸುತ್ತಿರುತ್ತವೆ. ಲೆಕ್ಕಕ್ಕಿಂತ ಹೆಚ್ಚಾದರೆ, ಏನೋ ಅಡ್ಡ ಬಂದಿದೆ ಎಂದುಕೊಂಡು ನಿಲ್ಲುತ್ತವೆ. ಎಷ್ಟರವರೆಗೆ ತಾಗಬಹುದು ಎಂಬುದಕ್ಕೂ ಲಿಖಿತ ನಿಯಮವಿದೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 2016ರಲ್ಲಿ ಹೊರಡಿಸಿದ 15066ನೇ ದಾಖಲೆ ದೇಹದ ಒಂದೊಂದು ಭಾಗಕ್ಕೂ ಒಂದೊಂದು ಮಿತಿ ಹಾಕಿತು. ಮುಖಕ್ಕೆ 65 ನ್ಯೂಟನ್, ಕೈಬೆರಳಿಗೆ 140 ನ್ಯೂಟನ್, ಹೀಗೆ. ಅರವತ್ತೈದು ನ್ಯೂಟನ್ ಎಂದರೆ ಸುಮಾರು ಆರೂವರೆ ಕಿಲೋ ಭಾರ ಹೇರಿದಷ್ಟು. ಓದುವಾಗ ಕೆನ್ನೆ ಮುಟ್ಟಿಕೊಳ್ಳುವಂತಾಗುತ್ತದೆ.

ಆದರೆ ಆರೂವರೆ ಕಿಲೋ ಅಂಗೈಯಗಲಕ್ಕೆ ಹರಡಿಕೊಂಡು ಬಿದ್ದರೆ ಒಂದು ಲೆಕ್ಕ, ಸ್ಕ್ರೂ ಮೊನೆಯ ಮೂಲಕ ಬಿದ್ದರೆ ಇನ್ನೊಂದು ಲೆಕ್ಕ. ಅದಕ್ಕೇ ಆ ದಾಖಲೆ ಬಲದ ಜೊತೆಗೆ ಒತ್ತಡಕ್ಕೂ, ಅಂದರೆ ಇಷ್ಟು ಜಾಗಕ್ಕೆ ಇಷ್ಟು ಬಲ ಎಂಬುದಕ್ಕೂ, ಮಿತಿ ಹಾಕಿದೆ. ತೊಡಕು ಇರುವುದು ಇಲ್ಲೇ. ಮೋಟಾರಿನ ಕರೆಂಟು ಒಟ್ಟು ಬಲವನ್ನು ಅಂದಾಜಿಸಿ ಹೇಳಬಹುದು. ತೋಳಿನ ಯಾವ ಭಾಗ ತಾಗಿತು, ಎಷ್ಟು ಅಗಲಕ್ಕೆ ತಾಗಿತು, ತಾಗಿ ಒತ್ತಿತೋ ಸವರಿಕೊಂಡು ಹೋಯಿತೋ, ಇದೊಂದೂ ಅದಕ್ಕೆ ತಿಳಿಯದು. ಕೀಲಿನಲ್ಲಿ ನೋವು ಗೊತ್ತಾಗುತ್ತದೆ, ಮೈಗೆ ಚರ್ಮವೇ ಇಲ್ಲ.

ಆ ಚರ್ಮವನ್ನು ಹೊಲಿಯುವ ಕೆಲಸ ಅದೇ ದಾರಿಯ ಇನ್ನೊಂದು ತುದಿಯಲ್ಲಿ, ಅದೇ ಹೊತ್ತಿಗೆ, ನಡೆದಿತ್ತು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಚಾರ್ಲಿ ಕೆಂಪ್ ನಡೆಸುತ್ತಿದ್ದ ಪ್ರಯೋಗಾಲಯ ರೋಬಾಟ್ ತೋಳಿಗೆ ಬಟ್ಟೆಯ ತೋಳು ತೊಡಿಸಿತು. ವಿದ್ಯುತ್ ಹರಿಯುವ ಎರಡು ಪದರ ಬಟ್ಟೆ, ನಡುವೆ ಒತ್ತಿದರೆ ರೋಧ ಕಡಿಮೆಯಾಗುವ ಇನ್ನೊಂದು ಪದರ. ಬಟ್ಟೆಯಾದ್ದರಿಂದ ಮೊಣಕೈ ಮಡಚುವಲ್ಲೂ ಸುಕ್ಕಾಗಿ, ಹಿಗ್ಗಿ, ಹೊಂದಿಕೊಳ್ಳುತ್ತದೆ.

ಬಟ್ಟೆಗಿಂತ ಅದರ ಹಿಂದಿದ್ದ ವಿಚಾರ ನನಗೆ ದೊಡ್ಡದಾಗಿ ಕಾಣುತ್ತದೆ. ರೋಬಾಟಿನ ಹಸ್ತ ಮಾತ್ರ ಹೊರಗಿನದನ್ನು ಮುಟ್ಟಬೇಕು, ಮಿಕ್ಕ ತೋಳು ಎಲ್ಲಿ ತಾಗಿದರೂ ಅದು ಅಪಘಾತ ಎಂದೇ ಅಲ್ಲಿಯವರೆಗೆ ಎಣಿಸುತ್ತಿದ್ದದ್ದು. ನಾವು ಹಾಗೆ ಬದುಕುವುದಿಲ್ಲವಲ್ಲ. ಅಡುಗೆಮನೆಯ ಶೆಲ್ಫಿನ ಹಿಂದಿನ ಸಾಲಿನಿಂದ ಮೆಂತ್ಯದ ಡಬ್ಬಿ ತೆಗೆಯುವಾಗ ಮುಂಗೈ ಸಾಸಿವೆ ಡಬ್ಬಿಗೆ ಒರಗುತ್ತದೆ, ಮೊಣಕೈ ಎಣ್ಣೆ ಕ್ಯಾನನ್ನು ತುಸು ತಳ್ಳುತ್ತದೆ. ಬಿದ್ದೇ ಹೋಗುವಷ್ಟು ತಳ್ಳುತ್ತಿಲ್ಲ ಎಂಬುದಷ್ಟೇ ನಮಗೆ ಮುಖ್ಯ. ಕೆಂಪ್ ತಂಡ ರೋಬಾಟಿಗೂ ಅದನ್ನೇ ಕಲಿಸಿತು. ತಾಗುವುದು ತಪ್ಪಲ್ಲ, ತಾಗಿದ ಕಡೆ ಬಲ ಒಂದು ಮಿತಿ ಮೀರದಿದ್ದರೆ ಸಾಕು. ಪಾರ್ಶ್ವವಾಯುವಿನಿಂದ ಕೈಕಾಲು ಸ್ವಾಧೀನ ತಪ್ಪಿದ್ದ ವ್ಯಕ್ತಿಯೊಬ್ಬರು ಹಾಸಿಗೆಯಲ್ಲಿ ಮಲಗಿಕೊಂಡೇ ಕಂಪ್ಯೂಟರಿನ ಮೂಲಕ ಈ ರೋಬಾಟನ್ನು ನಡೆಸಿದರು. ಹೊದಿಕೆ ಸರಿಪಡಿಸಿಕೊಂಡರು, ಬಟ್ಟೆಯಿಂದ ಮುಖ ಒರೆಸಿಕೊಂಡರು. ತಾವೇ ಒತ್ತು ಎಂದರೂ ಅದು ಜೋರಾಗಿ ಒತ್ತುವುದಿಲ್ಲ, ಹಾಗಾಗಿ ಹತ್ತಿರ ಬಂದರೆ ಭಯವಾಗುವುದಿಲ್ಲ ಎಂಬರ್ಥದ ಮಾತನ್ನು ಅವರು ಹೇಳಿದ್ದು ವರದಿಯಾಗಿದೆ.

ಅದೇ ಪ್ರಯೋಗಾಲಯ 2018ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಆಸ್ಪತ್ರೆಯ ಗೌನನ್ನು ರೋಗಿಯ ಕೈಗೆ ತೊಡಿಸುವುದು. ಮಗುವಿಗೆ ಸ್ವೆಟರ್ ಹಾಕಿದವರಿಗೆ ಗೊತ್ತು, ಬಟ್ಟೆಯೊಳಗೆ ಕೈ ಎಲ್ಲಿ ಸಿಕ್ಕಿಕೊಂಡಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ, ಎಳೆತದಿಂದಲೇ ತಿಳಿಯಬೇಕು. ರೋಬಾಟ್ ಕಂಪ್ಯೂಟರಿನ ಕಲ್ಪಿತ ಲೋಕದಲ್ಲಿ ಸುಮಾರು 11,000 ಬಾರಿ ಗೌನು ತೊಡಿಸಿ, ಬಟ್ಟೆಯ ಎಳೆತ ಹೀಗಿದ್ದರೆ ಕೈಮೇಲೆ ಬೀಳುವ ಬಲ ಹೀಗಿರುತ್ತದೆ ಎಂದು ಒಂದೇ ದಿನದಲ್ಲಿ ಕಲಿತುಕೊಂಡಿತು.

ಇಷ್ಟೆಲ್ಲ ಕೇಳಿದ ಮೇಲೆ ಮುಟ್ಟುವ ಬಟ್ಟೆ ಸಿದ್ಧವಾಗಿಯೇ ಹೋಯಿತು, ಇನ್ನು ಅಂಗಡಿಗೆ ಬರುವುದೊಂದೇ ಬಾಕಿ ಎನಿಸಬಹುದು. ಹಾಗೆನಿಸಿದವರು ಒಂದು ವೆಲೋಸ್ಟಾಟ್ ಹಾಳೆ ತರಿಸಿ ನೋಡಬೇಕು. ಪ್ಲಾಸ್ಟಿಕ್ಕಿನಲ್ಲಿ ಇಂಗಾಲದ ಪುಡಿ ಬೆರೆಸಿ ಮಾಡಿದ ಕಪ್ಪು ಹಾಳೆ. ಇಲೆಕ್ಟ್ರಾನಿಕ್ ಭಾಗಗಳನ್ನು ಸುತ್ತಿಡಲು ಬಳಸುವಂಥದ್ದು, ಬೆಲೆ ನಾಲ್ಕೈದು ಡಾಲರು. ನಮ್ಮ ಮನೆಗೆ ಅದು ಬಂದದ್ದು ಮಗನ ಶಾಲೆಯ ವಿಜ್ಞಾನ ಮೇಳದ ನೆಪದಲ್ಲಿ. ಎರಡು ತಾಮ್ರದ ಟೇಪುಗಳ ನಡುವೆ ತುಂಡೊಂದನ್ನು ಇಟ್ಟು ಮಲ್ಟಿಮೀಟರ್ ಸಿಕ್ಕಿಸಿದೆವು. ಸುಮ್ಮನೆ ಇದ್ದಾಗ ಸಾವಿರಗಟ್ಟಲೆ ಓಮ್ ತೋರಿಸುತ್ತದೆ. ಹೆಬ್ಬೆರಳಿಂದ ಒತ್ತಿದರೆ ನೂರರ ಲೆಕ್ಕಕ್ಕೆ ಬಂದು ಬೀಳುತ್ತದೆ. ಒತ್ತಿದಾಗ ಇಂಗಾಲದ ಕಣಗಳು ಒಂದಕ್ಕೊಂದು ತಾಗಿ ಕರೆಂಟಿಗೆ ಹೆಚ್ಚು ದಾರಿಗಳಾಗುತ್ತವೆ, ಜೊತೆಗೆ ಟೇಪು ಹಾಳೆಗೆ ಇನ್ನಷ್ಟು ಅಗಲವಾಗಿ ಅಂಟಿಕೊಳ್ಳುತ್ತದೆ. ಮಗನಿಗೆ ಖುಷಿಯೋ ಖುಷಿ.

ಆಮೇಲೆ ಹೆಬ್ಬೆರಳಿನ ಬದಲು ನೀರು ತುಂಬಿದ ಸ್ಟೀಲ್ ಲೋಟ ಇಟ್ಟೆವು. ಅಂಕಿ ಇಳಿಯಿತು. ಇಳಿಯುತ್ತಲೇ ಹೋಯಿತು.

“ಅಪ್ಪ, ಲೋಟ ಅಲ್ಲಾಡ್ತಾನೇ ಇಲ್ಲ, ನಂಬರ್ ಯಾಕೆ ಓಡ್ತಾ ಇದೆ?”

ಈ ಇಡೀ ವಿದ್ಯೆಯ ಕಷ್ಟವೆಲ್ಲ ಆ ಪ್ರಶ್ನೆಯಲ್ಲಿದೆ. ಲೋಟ ತೆಗೆದೆವು, ಮೊದಲಿದ್ದ ಅಂಕಿ ತಟ್ಟನೆ ಬರಲಿಲ್ಲ, ನಿಧಾನವಾಗಿ ಏರಿತು, ಅದೂ ಪೂರ್ತಿ ಏರಲಿಲ್ಲ. ಮತ್ತೆ ಲೋಟ ಇಟ್ಟರೆ ಹಿಂದಿನ ಸಲದ ಅಂಕಿಯೇ ಬರಬೇಕೆಂದಿಲ್ಲ. ಹತ್ತಿಯ ಹಾಸಿಗೆಯ ಮೇಲೆ ಕುಳಿತೆದ್ದರೆ ತಗ್ಗು ಹೇಗೆ ಕೆಲಹೊತ್ತು ಉಳಿಯುತ್ತದೋ ಹಾಗೆ ಮೆತ್ತನೆಯ ವಸ್ತುಗಳಿಗೆಲ್ಲ ಹಿಂದಿನ ನೆನಪು ಇರುತ್ತದೆ. ಭಾರ ಅಷ್ಟೇ ಇದ್ದರೂ ಅವು ಕುಸಿಯುತ್ತಲೇ ಇರುತ್ತವೆ. ಭಾರ ಏರುವಾಗ ಒಂದು ಅಂಕಿ, ಇಳಿಯುವಾಗ ಇನ್ನೊಂದು. ಬೆಚ್ಚಗಾದರೆ ಮತ್ತೊಂದು, ಬೆವರು ತಾಗಿದರೆ ಮಗದೊಂದು. ಅಂಗಡಿಯಲ್ಲಿ ಸಿಗುವ ತೆಳು ಬಿಲ್ಲೆಯಂಥ ಎಫ್‌ಎಸ್‌ಆರ್ ಸೆನ್ಸರುಗಳೂ ಇದೇ ಜಾತಿಯವು. ನಿಖರವಾದ ಅಳತೆಗೆ ಇದು ಹೇಳಿಸಿದ್ದಲ್ಲ ಎಂದು ಅವುಗಳ ತಯಾರಕರೇ ಕೈಪಿಡಿಯಲ್ಲಿ ಬರೆದುಬಿಡುತ್ತಾರೆ. ಆ ಸಾಲನ್ನು ಓದದೆ ಅದರಿಂದ ತಕ್ಕಡಿ ಮಾಡಲು ಹೊರಟು ಸೋತವರು ಊರಿಗೊಬ್ಬರು ಸಿಗುತ್ತಾರೆ.

ಕೆಪಾಸಿಟರ್ ಬಗೆಯ ಸೆನ್ಸರುಗಳು ತುಸು ಸಭ್ಯ. ಎರಡು ವಾಹಕ ಪದರಗಳ ನಡುವೆ ಮೆತ್ತನೆಯ ರಬ್ಬರು. ಒತ್ತಿದರೆ ಅಂತರ ಕಡಿಮೆಯಾಗಿ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ ಹೆಚ್ಚುತ್ತದೆ. ಸ್ಟ್ಯಾನ್‌ಫರ್ಡಿನ ಝೆನಾನ್ ಬಾವ್ ತಂಡ 2010ರಲ್ಲಿ ಆ ರಬ್ಬರಿನ ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಿರಮಿಡ್ಡುಗಳಾಗಿ ಅಚ್ಚು ಹಾಕಿತು. ಪಿರಮಿಡ್ಡಿನ ತುದಿ ಬೇಗ ಬಾಗುತ್ತದೆ, ಸುತ್ತಲೂ ಗಾಳಿ ಇರುವುದರಿಂದ ಭಾರ ತೆಗೆದ ಕೂಡಲೇ ಎದ್ದು ನಿಲ್ಲುತ್ತದೆ. ಮೇಲೆ ನೊಣ ಕೂತರೂ ತಿಳಿಯಿತು. ಮನೆಮನೆಯ ಫೋನಿಗೂ ಇದರ ಗಟ್ಟಿ ಗಾಜಿನ ಸೋದರ ಬಂದಿತ್ತು. 2015ರ ಐಫೋನ್ 6ಎಸ್ ಪರದೆಯನ್ನು ಎಷ್ಟು ಒತ್ತಿದಿರಿ ಎಂಬುದನ್ನು ಗಾಜಿನ ಸೂಕ್ಷ್ಮ ಬಾಗುವಿಕೆಯಿಂದ ಅಳೆಯುತ್ತಿತ್ತು. 2019ರ ಹೊತ್ತಿಗೆ ಆಪಲ್ ಅದನ್ನು ಕೈಬಿಟ್ಟಿತು. ಹಗುರಾಗಿ ಒತ್ತಿದರೆ ಒಂದು, ಜೋರಾಗಿ ಒತ್ತಿದರೆ ಇನ್ನೊಂದು ಎಂಬ ಲೆಕ್ಕ ಬಳಸುವವರ ಬೆರಳಿಗೆ ಹತ್ತಲೇ ಇಲ್ಲ ಎಂಬುದು ನನ್ನ ಗುಮಾನಿ. ಬಹಳ ಹೊತ್ತು ಒತ್ತಿ ಹಿಡಿಯುವುದು ಎಲ್ಲರಿಗೂ ಬಂತು.

ಹಾಗಾದರೆ ಗಟ್ಟಿ ಉಕ್ಕಿನ ಸೆನ್ಸರನ್ನೇ ಬಳಸಬಾರದೇಕೆ? ಬಲವನ್ನು ಅಳೆಯುವುದರಲ್ಲಿ ಉಕ್ಕನ್ನು ಮೀರಿಸಿದ್ದಿಲ್ಲ. ವಾಷಿಂಗ್ಟನ್ ಪಕ್ಕದ ಗೈತರ್ಸ್‌ಬರ್ಗ್‌ನಲ್ಲಿ ಅಮೆರಿಕದ ಅಳತೆ-ತೂಕಗಳ ರಾಷ್ಟ್ರೀಯ ಸಂಸ್ಥೆ ನಿಸ್ಟ್ ಇದೆ. ಅಲ್ಲಿ ಮೂರು ಅಂತಸ್ತಿನ ಎತ್ತರದ ಒಂದು ಯಂತ್ರವಿದೆ. ಒಂದೊಂದೂ ಐವತ್ತು ಸಾವಿರ ಪೌಂಡಿನ ಇಪ್ಪತ್ತು ಸ್ಟೀಲ್ ಬಿಲ್ಲೆಗಳು, ಒಟ್ಟು ಹತ್ತು ಲಕ್ಷ ಪೌಂಡು, ನಮ್ಮ ಲೆಕ್ಕದಲ್ಲಿ ನಾನೂರೈವತ್ತು ಟನ್ನಿಗೂ ಮೇಲೆ. ವಿಮಾನದ ಎಂಜಿನ್ನು, ರಾಕೆಟ್ಟುಗಳ ನೂಕುಬಲ ಅಳೆಯುವ ಸಾಧನಗಳನ್ನು ಇದರ ಮುಂದೆ ತಂದು ಒಪ್ಪಿಸುತ್ತಾರೆ. ತಪ್ಪಾದರೆ ಲಕ್ಷಕ್ಕೆ ಅರ್ಧ ಪಾಲು. ಅಷ್ಟು ಕರಾರುವಾಕ್ಕಾಗಿರಬೇಕಾದರೆ ಆ ಜಾಗದ ಗುರುತ್ವವೂ ಗೊತ್ತಿರಬೇಕು, ಬಿಲ್ಲೆಗಳನ್ನು ಗಾಳಿ ಎಷ್ಟು ಎತ್ತಿ ಹಿಡಿಯುತ್ತದೆ ಎಂಬುದನ್ನೂ ಕಳೆಯಬೇಕು. ಅದೇ ಬಿಲ್ಲೆಗಳನ್ನು ಬೆಂಗಳೂರಿಗೆ ಸಾಗಿಸಿದರೆ ಅವು ಒತ್ತುವ ಬಲ ಸಾವಿರಕ್ಕೆ ಎರಡು ಪಾಲಿನಷ್ಟು ಕಡಿಮೆಯಾದೀತು. ಬೆಂಗಳೂರು ಭೂಮಧ್ಯರೇಖೆಗೆ ಹತ್ತಿರ, ಎತ್ತರದಲ್ಲೂ ಇದೆ. ಸಾವಿರಕ್ಕೆ ಎರಡು ಎಂದರೆ ಗೈತರ್ಸ್‌ಬರ್ಗಿನವರಿಗೆ ಹಗರಣ. ವೆಲೋಸ್ಟಾಟಿಗೆ ನೂರಕ್ಕೆ ಹತ್ತು ಆಚೀಚೆಯಾದರೂ ನಾಚಿಕೆಯಿಲ್ಲ.

ಆದರೂ ಮೆತ್ತನೆಯದೇ ಬೇಕು, ಕಾರಣ ಮೈ ಮೆತ್ತಗಿದೆ. ಸ್ಪರ್ಶಜ್ಞಾನ ಕಳೆದುಕೊಂಡ ಪಾದದಡಿ ಬಲ ಅಳೆಯಲೆಂದು ಒಂದು ರೂಪಾಯಿ ನಾಣ್ಯದಷ್ಟು ದಪ್ಪದ ಉಕ್ಕಿನ ಸೆನ್ಸರ್ ಇಟ್ಟಿರೆನ್ನಿ. ಚಪ್ಪಲಿಯೊಳಗಿನ ಕಲ್ಲು ಅದೇ ಆಗುತ್ತದೆ. ಹುಣ್ಣು ಎಲ್ಲಿ ಬರಬಹುದೆಂದು ಹುಡುಕಲು ಹೋಗಿ ಹುಣ್ಣು ತಂದುಕೊಟ್ಟಂತೆ. ಅಳೆಯುವ ವಸ್ತು ತನ್ನ ಇರವಿನಿಂದಲೇ ಅಳತೆಯನ್ನು ಕೆಡಿಸಬಾರದು ಎಂದಾದರೆ ಅದು ಚರ್ಮದಷ್ಟೇ ಮೆದುವಾಗಿ, ಕಾಲುಚೀಲದಷ್ಟೇ ತೆಳುವಾಗಿ ಇರಬೇಕು.

ಬಟ್ಟೆಯನ್ನೇ ಸೆನ್ಸರ್ ಮಾಡುವ ಯೋಚನೆಗೆ ಕೆರೊಲಿನಾದಂಥ ತವರು ಸಿಗುವುದು ಕಷ್ಟ. ಷಾರ್ಲೆಟ್ ಬೆಳೆದದ್ದೇ ಸುತ್ತಲಿನ ಹತ್ತಿ, ನೂಲು, ಮಗ್ಗದಿಂದ. ಗ್ಯಾಸ್ಟೋನಿಯಾದ ಲೊರೇ ಗಿರಣಿಯಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಕನ್ನಪೊಲಿಸ್‌ನ ಟವೆಲ್ ಗಿರಣಿ 2003ರಲ್ಲಿ ಮುಚ್ಚಿತು, ಅದರ ಜಾಗದಲ್ಲಿ ಸಂಶೋಧನಾ ಆವರಣ ಎದ್ದಿದೆ. ನೂಲಿನ ವಿದ್ಯೆ ಮಾತ್ರ ಪೂರ್ತಿ ಹೋಗಿಲ್ಲ. ಬೆಲ್ಮಂಟ್‌ನಲ್ಲಿ ಗ್ಯಾಸ್ಟನ್ ಕಾಲೇಜಿನ ಜವಳಿ ತಂತ್ರಜ್ಞಾನ ಕೇಂದ್ರ, ರಾಲಿಯ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜವಳಿಗೆಂದೇ ಒಂದು ಕಾಲೇಜು ಇವೆ.

ಬಟ್ಟೆಯ ಸೆನ್ಸರ್ ನೇಯುವುದು ಹೇಗೆಂದು ಇಳಕಲ್ಲಿನ ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಸಿನಲ್ಲಿ ಕೆಲವು ಎಳೆ ಬೆಳ್ಳಿ ಲೇಪಿಸಿದ ನೈಲಾನು, ಹೊಕ್ಕಿನಲ್ಲಿ ಕೆಲವು. ಎರಡು ಸಂಧಿಸುವಲ್ಲೆಲ್ಲ ಒಂದೊಂದು ಸೆನ್ಸರ್. ಹದಿನಾರು ಹಾಸು, ಹದಿನಾರು ಹೊಕ್ಕು ಇದ್ದರೆ 256 ಬಿಂದುಗಳು, ಹೊರಗೆ ಬರುವ ತಂತಿ ಮಾತ್ರ ಮೂವತ್ತೆರಡೇ. ಇಲ್ಲೊಂದು ಮೋಜಿನ ಪೇಚಿದೆ. ಚೌಕದ ಮೂರು ಮೂಲೆಗಳನ್ನು ಒತ್ತಿ ಹಿಡಿದರೆ, ಯಾರೂ ಮುಟ್ಟದ ನಾಲ್ಕನೆಯ ಮೂಲೆಯೂ ಒತ್ತಿದಂತೆ ತೋರುತ್ತದೆ. ಕರೆಂಟು ನೇರ ದಾರಿ ಬಿಟ್ಟು ಆ ಮೂರು ಮೂಲೆಗಳನ್ನು ಸುತ್ತಿಕೊಂಡು ಕಳ್ಳದಾರಿಯಲ್ಲಿ ಬಂದಿರುತ್ತದೆ. ಓದದೆ ಬಿಟ್ಟ ಸಾಲುಗಳನ್ನೆಲ್ಲ ಆ ಹೊತ್ತಿಗೆ ಸೊನ್ನೆ ವೋಲ್ಟಿಗೆ ಕಟ್ಟಿಹಾಕಿದರೆ ಭೂತ ಮಾಯ. ಇದಕ್ಕಿಂತ ದೊಡ್ಡ ವೈರಿ ವಾಷಿಂಗ್ ಮೆಷಿನ್ನು. ಒಗೆದಂತೆಲ್ಲ ಬೆಳ್ಳಿ ಸವೆಯುತ್ತದೆ. ಕಾಲುಚೀಲ ಒಗೆಯದೆ ಇರಲೂ ಆಗುವುದಿಲ್ಲ.

ರಾಲಿಯ ಮೈಕೆಲ್ ಡಿಕಿ ಲೇಪವನ್ನೇ ಬಿಟ್ಟು ದ್ರವಲೋಹಕ್ಕೆ ಕೈಹಾಕಿದರು. ಗ್ಯಾಲಿಯಂಗೆ ಇಂಡಿಯಂ ಬೆರೆಸಿದ ಮಿಶ್ರಲೋಹ ಕೋಣೆಯ ಬಿಸಿಯಲ್ಲಿ ನೀರಿನಂತೆ ಹರಿಯುತ್ತದೆ, ಪಾದರಸದ ವಿಷವಿಲ್ಲ. ಅದನ್ನು ರಬ್ಬರಿನ ಟೊಳ್ಳು ಎಳೆಯೊಳಗೆ ತುಂಬಿದರೆ ಎಂಟು ಪಟ್ಟು ಎಳೆದರೂ ವಿದ್ಯುತ್ ಹರಿಯುವ ತಂತಿ ಸಿದ್ಧ. ದ್ರವಕ್ಕೆ ತುಂಡಾಗುವುದೇ ಗೊತ್ತಿಲ್ಲವಲ್ಲ. ಇಂಥ ಎರಡು ಎಳೆಗಳನ್ನು ಹಗ್ಗದಂತೆ ಹೊಸೆದು, ಹೊಸೆತ, ಎಳೆತ, ಮುಟ್ಟುವಿಕೆ ಮೂರನ್ನೂ ಗ್ರಹಿಸುವ ದಾರವನ್ನು 2017ರಲ್ಲಿ ಅವರ ತಂಡ ತೋರಿಸಿತು.

ಇಷ್ಟು ಹೊತ್ತು ಕೆಳಮುಖವಾಗಿ ಒತ್ತುವ ಬಲದ ಮಾತೇ ಆಯಿತು. ಮುಟ್ಟುವಿಕೆಯಲ್ಲಿ ಅದು ಅರ್ಧ ಮಾತ್ರ. ಒದ್ದೆ ಗಾಜಿನ ಲೋಟ ಜಾರುವ ಮೊದಲೇ ಬೆರಳು ಬಿಗಿಯುವುದು ಪಕ್ಕಕ್ಕೆ ಎಳೆಯುವ ಬಲ ತಿಳಿಯುವುದರಿಂದ. ಸ್ವೀಡನ್ನಿನ ರೋಲಂಡ್ ಯೋಹಾನ್ಸನ್ ಬೆರಳತುದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೆಂಕಿಕಡ್ಡಿ ಗೀರಲು ಹೇಳಿದರು. ಕಣ್ಣು ಸರಿಯಿದೆ, ಸ್ನಾಯು ಸರಿಯಿದೆ, ಆದರೂ ಕಡ್ಡಿ ಪದೇ ಪದೇ ಕೈಜಾರುತ್ತದೆ. ಸೆನ್ಸರಿನಲ್ಲಿ ಈ ಪಕ್ಕದ ಬಲವನ್ನು ಹಿಡಿಯಲು ಒಂದು ಸರಳ ಉಪಾಯವಿದೆ. ಒಂದು ಮೆತ್ತನೆಯ ಗುಬಟಿನ ಕೆಳಗೆ ನಾಲ್ಕು ಪುಟ್ಟ ಸೆನ್ಸರುಗಳನ್ನು ಇಡುವುದು. ನೇರ ಒತ್ತಿದರೆ ನಾಲ್ಕೂ ಏರುತ್ತವೆ, ಪಕ್ಕಕ್ಕೆ ತಳ್ಳಿದರೆ ಒಂದು ಕಡೆಯ ಎರಡು ಏರಿ ಎದುರಿನ ಎರಡು ಇಳಿಯುತ್ತವೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನಿತೀಶ್ ಠಾಕೋರ್ ಅವರ ತಂಡ 2018ರಲ್ಲಿ ಕೃತಕ ಕೈಯ ಬೆರಳುಗಳಿಗೆ ಬಟ್ಟೆ ಮತ್ತು ರಬ್ಬರಿನ ಪದರಗಳ ಚರ್ಮ ತೊಡಿಸಿ, ಅದರ ಸಂಕೇತವನ್ನು ಉಳಿದ ತೋಳಿನ ನರಗಳಿಗೆ ಮುಟ್ಟಿಸಿತು. ದುಂಡಗಿನದೋ ಚೂಪಿನದೋ ಎಂದು ಇಲ್ಲದ ಕೈಯಲ್ಲೇ ತಿಳಿಯಿತು. ತೀರಾ ಚೂಪಾದದ್ದನ್ನು ಹಿಡಿದಾಗ ಕೃತಕ ಕೈ ತಾನಾಗಿಯೇ ಬಿಟ್ಟುಬಿಟ್ಟಿತು.

ಷಾರ್ಲೆಟ್ ನಗರದೊಳಗೇ ಈ ವಿಷಯ ಈಗ ಬಂದು ಕುಳಿತಿದೆ. ದಿ ಪರ್ಲ್ ಎಂಬ ಹೊಸ ವೈದ್ಯಕೀಯ ಆವರಣದಲ್ಲಿ 2025ರಿಂದ ವೇಕ್ ಫಾರೆಸ್ಟ್ ವೈದ್ಯಕೀಯ ಕಾಲೇಜಿನ ಶಾಖೆ ಇದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಮೂಲದ ಶಸ್ತ್ರಚಿಕಿತ್ಸಾ ತರಬೇತಿ ಸಂಸ್ಥೆ ಇರ್ಕಾಡ್‌ನ ಉತ್ತರ ಅಮೆರಿಕದ ಕೇಂದ್ರವೂ ಅಲ್ಲೇ. ರೋಬಾಟಿನ ಮೂಲಕ ಹೊಟ್ಟೆಯೊಳಗೆ ಹೊಲಿಗೆ ಹಾಕುವ ಸರ್ಜನ್‌ಗಳು ದಾರ ಎಷ್ಟು ಬಿಗಿಯಾಯಿತು ಎಂಬುದನ್ನು ವರ್ಷಾನುಗಟ್ಟಲೆ ಕಣ್ಣಳತೆಯಲ್ಲೇ ನಿರ್ಧರಿಸಿದವರು. ಇಂಥ ರೋಬಾಟುಗಳಲ್ಲೊಂದಾದ ಡಾ ವಿಂಚಿಗೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಗೆ ಅನುಮತಿ ಸಿಕ್ಕಿದ್ದು 2000ದಲ್ಲಿ. ಉಪಕರಣದ ತುದಿಯ ಬಲವನ್ನು ಸರ್ಜನ್ನರ ಕೈಗೆ ಮರಳಿಸುವ ಡಾ ವಿಂಚಿ 5ಕ್ಕೆ ಅನುಮತಿ ಬಂದದ್ದು 2024ರ ಮಾರ್ಚಿನಲ್ಲಿ.

ಇನ್ನು ಪಾದಕ್ಕೆ ಬರುತ್ತೇನೆ. ನಮ್ಮ ಮನೆಗಳಿಗೆ ಈ ವಿದ್ಯೆ ನಿಜವಾಗಿ ಬೇಕಾದದ್ದು ಅಲ್ಲಿ. ಐಸಿಎಂಆರ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ ಎಂದು ತಿಳಿಯಿತು. ವರ್ಷಗಳು ಕಳೆದಂತೆ ಅವರಲ್ಲಿ ಅನೇಕರ ಪಾದ ಮರಗಟ್ಟುತ್ತದೆ. ಚಪ್ಪಲಿಯ ಮೊಳೆ ಚುಚ್ಚಿದರೂ ತಿಳಿಯದು.

ಈ ಮರಗಟ್ಟಿದ ಪಾದದ ಮೇಲೆ ಬಲದ ಅಳತೆಯನ್ನು ಹೊರಿಸಿ ನೋಡಿದ ಮೊದಲಿಗರಲ್ಲಿ ಪಾಲ್ ಬ್ರ್ಯಾಂಡ್ ಒಬ್ಬರು. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿ, ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಹೆಸರಾದವರು. ಕುಷ್ಠದಲ್ಲಿ ಬೆರಳು ಕೊಳೆತು ಉದುರುವುದಿಲ್ಲ, ನೋವು ತಿಳಿಯದೆ ಆಗುವ ಗಾಯಗಳೇ ಬೆರಳನ್ನು ತಿನ್ನುತ್ತವೆ ಎಂದು ತೋರಿಸಿಕೊಟ್ಟವರು. 1966ರಲ್ಲಿ ಲೂಯಿಸಿಯಾನಾದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ ಅವರು ಎರಡು ಪ್ರಯೋಗ ಮಾಡಿದರು. ಒಂದು ಸೋತಿತು, ಒಂದು ಗೆದ್ದಿತು.

ಸೋತದ್ದು ಇಲೆಕ್ಟ್ರಾನಿಕ್ ನೋವು. ಕೈಗವಸಿನಲ್ಲಿ ಸೆನ್ಸರುಗಳು, ಬಲ ಹೆಚ್ಚಾದರೆ ಕಿವಿಯಲ್ಲಿ ಸದ್ದು. ರೋಗಿಗಳು ಸದ್ದು ಕೇಳಿಸಿಕೊಂಡರು, ಕೆಲಸ ನಿಲ್ಲಿಸಲಿಲ್ಲ. ಸದ್ದಿನ ಬದಲು ಕಂಕುಳಿಗೆ ಶಾಕ್ ಕೊಟ್ಟರು. ಕೆಲಸ ಮುಗಿಸುವ ಹಟವಿದ್ದ ರೋಗಿ ಯಂತ್ರದ ಸ್ವಿಚ್ಚನ್ನೇ ಆರಿಸಿ ತುಕ್ಕು ಹಿಡಿದ ಬೋಲ್ಟನ್ನು ತಿರುಗಿಸಿದ. ಸೆನ್ಸರುಗಳೂ ದುಬಾರಿ, ಬೇಗ ಕೆಡುತ್ತಿದ್ದವು. ಕೊನೆಗೆ ಕೈಬಿಟ್ಟರು. ಗೆದ್ದದ್ದು ಬರಿಯ ಕಾಲುಚೀಲ. ಅದರ ಬಟ್ಟೆಯಲ್ಲಿ ಬಣ್ಣ ತುಂಬಿದ ಸೂಕ್ಷ್ಮ ಗುಳಿಗೆಗಳು. ತೊಟ್ಟು ನಡೆದಾಗ ಹೆಚ್ಚು ಬಲ ಬಿದ್ದ ಕಡೆ ಗುಳಿಗೆ ಒಡೆದು ಬಣ್ಣ ಬರುತ್ತದೆ, ಹುಣ್ಣು ಏಳುವ ಮೊದಲೇ ಜಾಗ ಗೊತ್ತಾಗುತ್ತದೆ. ಅಂಕಿಯಿಲ್ಲ, ಬ್ಯಾಟರಿಯಿಲ್ಲ.

ನಾನು ಈ ವಿಷಯವನ್ನು ನೋಡುತ್ತ ಬಂದಂತೆ ಗಟ್ಟಿಯಾದ ಅಭಿಪ್ರಾಯ ಒಂದೇ. ಮೆತ್ತನೆಯ ವಸ್ತುವಿಗೆ ‘ಎಷ್ಟು ಒತ್ತಿತು’ ಎಂದು ಕೇಳಿದರೆ ಅದು ತಡವರಿಸುತ್ತದೆ. ‘ಗೆರೆ ದಾಟಿತೇ’ ಎಂದು ಕೇಳಿದರೆ ಚೆನ್ನಾಗಿ ಹೇಳುತ್ತದೆ. ಅಟ್ಲಾಂಟಾದ ರೋಬಾಟ್ ತೋಳು ಕೇಳಿದ್ದು ಗೆರೆಯನ್ನು. ಹಾಪ್ಕಿನ್ಸಿನ ಕೈ ಚೂಪಿನದನ್ನು ಬಿಟ್ಟದ್ದು ಗೆರೆ ದಾಟಿದಾಗ. ಬ್ರ್ಯಾಂಡರ ಗುಳಿಗೆ ಒಡೆದದ್ದೂ ಹಾಗೆಯೇ.

ಇದರ ಅಚ್ಚುಕಟ್ಟಾದ ರೂಪ ಸಕ್ಕರೆ ಕಾಯಿಲೆಯ ಕ್ಲಿನಿಕ್ಕುಗಳಲ್ಲಿರುವ ನೈಲಾನ್ ಎಳೆ. ಹಿಡಿಕೆಗೆ ಸಿಕ್ಕಿಸಿದ, ಹಲ್ಲುಜ್ಜುವ ಬ್ರಷ್ಷಿನ ಒಂಟಿ ಕೂದಲಿನಂಥ ಎಳೆ. ಪಾದಕ್ಕೆ ಲಂಬವಾಗಿ ಇಟ್ಟು ಒತ್ತಿದರೆ ಹತ್ತು ಗ್ರಾಂ ಭಾರದಷ್ಟು ಬಲಕ್ಕೆ ಬಾಗುತ್ತದೆ. ಡಾಕ್ಟರು ಇನ್ನೂ ಜೋರಾಗಿ ತಳ್ಳಿದರೆ ಎಳೆ ಇನ್ನಷ್ಟು ಬಾಗುತ್ತದೆಯೇ ಹೊರತು ಪಾದದ ಮೇಲಿನ ಬಲ ಹೆಚ್ಚು ಏರುವುದಿಲ್ಲ. ಯಾರ ಕೈಯಲ್ಲಿದ್ದರೂ ಅಳತೆ ಹೆಚ್ಚುಕಡಿಮೆ ಅದೇ. ಈ ಹತ್ತು ಗ್ರಾಂ ತಿಳಿಯದ ಪಾದಕ್ಕೆ ತನ್ನನ್ನು ಕಾಪಾಡಿಕೊಳ್ಳುವಷ್ಟು ಸ್ಪರ್ಶವಿಲ್ಲ ಎಂದು ಕುಷ್ಠ ಮತ್ತು ಸಕ್ಕರೆ ರೋಗಿಗಳ ಪಾದ ಪರೀಕ್ಷಿಸಿ 1986ರಲ್ಲಿ ಬರೆದವರು ಅದೇ ಕಾರ್ವಿಲ್‌ನ ಸಂಶೋಧಕರು.

ಬಾಗುವಿಕೆಯ ಇದೇ ಗುಣವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಚಪ್ಪಲಿಗೆ ಇಳಿಸಿತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಜಿ.ಕೆ. ಅನಂತಸುರೇಶ್ ಅವರ ತಂಡ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್ ಜೊತೆಗೂಡಿ, 2022ರಲ್ಲಿ ಇದನ್ನು ಮುಂದಿಟ್ಟಿತು. ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿದ ಈ ಚಪ್ಪಲಿಯ ತಳದಲ್ಲಿ ಪುಟ್ಟ ಪುಟ್ಟ ಕಮಾನುಗಳಿವೆ. ಒಂದು ಜಾಗದಲ್ಲಿ ಬಲ ಗೆರೆ ದಾಟಿದ ಕೂಡಲೇ ಅಲ್ಲಿನ ಕಮಾನು ಟಕ್ಕನೆ ಒಳಕ್ಕೆ ಮಗುಚಿಕೊಳ್ಳುತ್ತದೆ, ಭಾರ ಅಕ್ಕಪಕ್ಕದ ಜಾಗಕ್ಕೆ ಹಂಚಿಹೋಗುತ್ತದೆ. ಕಾಲೆತ್ತಿದರೆ ಕಮಾನು ಮತ್ತೆ ಮೊದಲಿನಂತಾಗುತ್ತದೆ. ರೋಗಿಯ ತೂಕ, ಪಾದದ ಅಳತೆ, ನಡಿಗೆಯ ವೇಗ ನೋಡಿಕೊಂಡು ಕಮಾನುಗಳ ಗೆರೆಯನ್ನು ಹೊಂದಿಸಬಹುದು. ಆರಿಸಲು ಸ್ವಿಚ್ಚೇ ಇಲ್ಲದ್ದರಿಂದ ಕಾರ್ವಿಲ್‌ನ ಆ ಹಟಮಾರಿಯೂ ಇದನ್ನು ಸೋಲಿಸಲಾರ. ಫೋನಿಗೆ ನಕ್ಷೆ ಕಳಿಸುವ ಇನ್‌ಸೋಲುಗಳ ಜಾಹೀರಾತು ಕಂಡಾಗಲೆಲ್ಲ ನನ್ನ ಮನಸ್ಸು ಈ ಚಪ್ಪಲಿಯ ಕಡೆಗೇ ವಾಲುತ್ತದೆ.

ಬೇಸಿಗೆಗೆ ಊರಿನಿಂದ ಷಾರ್ಲೆಟ್‌ಗೆ ಬರುವ ಅಪ್ಪ ಅಮ್ಮಂದಿರ ವಿಷಯದಲ್ಲಿ ಇದು ದೂರದ ಮಾತಲ್ಲ. ಜೀವಮಾನವಿಡೀ ಚಪ್ಪಲಿಯಲ್ಲಿ ಓಡಾಡಿದವರಿಗೆ ಇಲ್ಲಿ ವಾಕಿಂಗಿಗೆಂದು ಹೊಸ ಶೂ ಕೊಡಿಸುತ್ತೇವೆ. ಕಚ್ಚಿದರೆ ಅವರಿಗೆ ತಿಳಿಯುತ್ತದೆ ಎಂದು ನಂಬಿರುತ್ತೇವೆ. ಸಕ್ಕರೆ ಕಾಯಿಲೆ ಇದ್ದವರಾದರೆ ಹೊರಡುವ ಮೊದಲು ಊರಿನ ಡಾಕ್ಟರ ಬಳಿಯೇ ಈ ಎಳೆಯ ಪರೀಕ್ಷೆ ಮಾಡಿಸಿಕೊಳ್ಳಲಿ. ಕೆಲವೇ ನಿಮಿಷದ ಕೆಲಸ. ಕಣ್ಣು ಮುಚ್ಚಿಸಿ, ಆಣಿ, ಗಾಯ ಬಿಟ್ಟು ಉಳಿದ ಕಡೆ ಎಳೆ ಬಾಗುವಷ್ಟು ಒತ್ತಿ, ಒಂದೆರಡು ಸೆಕೆಂಡ್ ಹಿಡಿದು ತೆಗೆಯಬೇಕು. ಮುಟ್ಟಿದ್ದು ಗೊತ್ತಾಯಿತೇ, ಎಲ್ಲಿ ಎಂದು ಕೇಳಬೇಕು. ಎಳೆ ಹಳೆಯದೇ ಎಂದು ಡಾಕ್ಟರನ್ನು ಕೇಳಲೂ ಸಂಕೋಚ ಬೇಡ. ನೈಲಾನೂ ಮೆತ್ತನೆಯ ವಸ್ತುವೇ, ಬಾಗಿ ಬಾಗಿ ದಣಿದು ಹತ್ತು ಗ್ರಾಮಿಗಿಂತ ಮೊದಲೇ ಬಾಗತೊಡಗುತ್ತದೆ. ಹತ್ತು ಜನರ ಪಾದ ನೋಡಿದ ಮೇಲೆ ಒಂದು ದಿನ ಅದಕ್ಕೆ ರಜೆ ಕೊಡಬೇಕೆಂಬ ಸಲಹೆ ವೈದ್ಯರಲ್ಲಿದೆ.